ಬಾಗಿಲು ಮುಚ್ಚಿದ ಮೇಲೆ ಮಾವ ಹೇಳಿದ್ದು

ನಮ್ಮ ಮಾವನ ಬಗ್ಗೆ ಯಾರೂ ಬರೆದಿಲ್ಲ, ಬರೆಯುವ ಹಾಗೂ ಕಾಣುವುದಿಲ್ಲ, ಅದಕ್ಕೇ ನಾನೇ ಕೂತೆ. ಮಾವ ಅಂದರೆ ಅಮ್ಮನ ತಮ್ಮ. ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾನೆ. ಹಳೇ ಲಿಫ್ಟು. ಎರಡು ಕಬ್ಬಿಣದ ಬಾಗಿಲು, ಎರಡನ್ನೂ ಕೈಯಲ್ಲೇ ಎಳೆಯಬೇಕು. ಮೂಲೆಯಲ್ಲಿ ಮಾವನ ಸ್ಟೂಲು. ಚಿಕ್ಕವಳಿದ್ದಾಗ ನನಗೆ ವಿಮಾನ ಓಡಿಸುವವನಿಗಿಂತ ಮಾವನೇ ದೊಡ್ಡವನು. ಈಗಲೂ ಅಷ್ಟೇ ಅನ್ನಿ. ಬಾಗಿಲು ಎಳೆದರೆ ಸಾಕು, ಒಳಗೆ ಸಿಗ್ನಲ್ ಪೂರ್ತಿ ಮಾಯ. "ದೊಡ್ಡ ಡಾಕ್ಟ್ರ ಫೋನೂ ನನ್ ಲಿಫ್ಟಲ್ಲಿ ಬಾಯಿ ಮುಚ್ಕೊಂಡಿರುತ್ತೆ" ಎಂದು ಮಾವ ಜಂಬ ಕೊಚ್ಚುತ್ತಿದ್ದ.

ಮಾವನಿಗೆ ಒಬ್ಬಳೇ ಮಗಳು, ಮೂರನೇ ಕ್ಲಾಸು. ಎಲ್ಲರೂ ಅವಳನ್ನು ಕರೆಯುವುದು ರೇಡಿಯೋ ಅಂತ. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೂ ಬಡಬಡ. "ಇದರ ಬ್ಯಾಟರಿ ಯಾರಾದ್ರೂ ತೆಗೀರಪ್ಪಾ" ಎಂದು ಮಾವ ಗೋಗರೆಯುತ್ತಿದ್ದ.

ಆಮೇಲೆ ಊರಿಗೆಲ್ಲ ಆ ಕಾಯಿಲೆ ಬಂತು, ಶಾಲೆ ಮುಚ್ಚಿತು, ಕ್ಲಾಸು ಅತ್ತೆಯ ಫೋನಿನೊಳಗೆ ಬಂದು ಕೂತಿತು. ಅಲ್ಲಿ ಮಿಸ್ ಹೇಳುವ ಮೊದಲ ಮಾತೇ "ಎಲ್ರೂ ಮ್ಯೂಟ್ ಮಾಡ್ಕೊಳ್ಳಿ ಮಕ್ಳೇ". ರೇಡಿಯೋ ಮಾಡಿಕೊಂಡಳು. ಮೊದಮೊದಲು ಕ್ಲಾಸಿನಲ್ಲಿ ಮಾತ್ರ, ಬರಬರುತ್ತಾ ಊಟಕ್ಕೆ ಕೂತಾಗಲೂ. ಬೇಕೆಂದರೆ ತಲೆ ಹೀಗೆ, ಬೇಡವೆಂದರೆ ಹಾಗೆ, ಅಷ್ಟೇ. ಅತ್ತೆಗೆ ಬೇಕರಿ ಕೌಂಟರಿನಲ್ಲಿ ಅರ್ಧ ದಿನ ಕೆಲಸ. ಆ ಹೊತ್ತಿನಲ್ಲಿ ಪಕ್ಕದ ಮನೆಯಿಂದ ನಾನು ಹೋಗಿ ನೋಡಿಕೊಳ್ಳುತ್ತಿದ್ದೆ. ಏನು ಜೋಕು ಹೊಡೆದರೂ ನಗುವುದಿರಲಿ, ತಿರುಗಿಯೂ ನೋಡುತ್ತಿರಲಿಲ್ಲ.

ಮಾವ ಮುಂದಿನ ಕೋಣೆಯಲ್ಲಿ ಬೇರೆಯಾಗಿ ಇದ್ದ. ಆಸ್ಪತ್ರೆಯಿಂದ ಬಂದವನಿಂದ ಇವರಿಗೆ ಅಂಟಬಾರದೆಂದು ನಡುವೆ ಹಳೇ ಬೆಡ್‌ಶೀಟಿನ ಪರದೆ. ತಟ್ಟೆ ಪರದೆಯ ಕೆಳಗಿನಿಂದ ಹೋಗುತ್ತಿತ್ತು, ಬರುತ್ತಿತ್ತು. ಶಾಲೆ ತೆರೆಯುತ್ತೇವೆ, ತಂದೆ ತಾಯಿಯರನ್ನೆಲ್ಲ ಫೋನಿನಲ್ಲೇ ಮೀಟಿಂಗಿಗೆ ಕರೆದು ಕೇಳುತ್ತೇವೆ ಎಂದು ಮಿಸ್ ಹೇಳಿದ ಮೇಲೆ ಜಗಳವೂ ಆ ಪರದೆಯ ಆಚೆ ಈಚೆಯೇ ನಡೆಯಿತು.

"ಕಳಿಸೋಣ ರೀ."

"ಬೇಡ."

"ಯಾಕೆ ಬೇಡ, ಅದನ್ನಾದ್ರೂ ಹೇಳಿ."

"ಬೇಡ ಅಂದ್ರೆ ಬೇಡ ಕಣೇ."

"ಅಪ್ಪ ಮಗಳು ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಬಿಡಿ, ನಾನೊಬ್ಳು ಇಲ್ಲಿ ಕಿರುಚ್ತಾ ಇರ್ತೀನಿ! ಅವಳು ಗೋಡೆ ನೋಡಿ ನೋಡಿ ಗೋಡೇನೇ ಆಗಿದಾಳೆ ರೀ."

"ಗೋಡೆ ಆದ್ರೂ ಇರ್ತಾಳಲ್ಲ."

ಅತ್ತೆ ಪಾತ್ರೆ ಕುಕ್ಕಿದಳು. "ಇದನ್ನ ಇರೋದು ಅಂತೀರಾ? ಆಯ್ತು, ಮನೆಗೆ ಒಂದೇ ಮಾತಂತೆ, ಮೀಟಿಂಗಲ್ಲಿ ನೀವೇ ಹೇಳಿ. ಯಾಕೆ ಬೇಡ ಅಂತಾನೂ ಎಲ್ರ ಮುಂದೆ ಹೇಳಿ. ನಂಗೂ ಕೇಳಿಸ್ಲಿ."

ಮೊದಲೆಲ್ಲ ಮಾವನ ಲಿಫ್ಟಿನಲ್ಲಿ ಕೆಳಗೆ ಇಳಿದವರು ಮನೆಗೆ ಹೋಗುತ್ತಿದ್ದರು. ಈಗ ಕೆಳಗೆ ಅಂದರೆ ನೆಲಮಾಳಿಗೆ, ಹೆಣ ಇಡುವ ಕೋಣೆ. ಮನೆಯಲ್ಲಿ ಮಾವ ಅದರ ಸುದ್ದಿ ಎತ್ತುತ್ತಿರಲಿಲ್ಲ. ಹೆಚ್ಚೆಂದರೆ "ಇವತ್ತು ಕೆಳಗಿನ ಟ್ರಿಪ್ಪೇ ಜಾಸ್ತಿ" ಅನ್ನುತ್ತಿದ್ದ, ತಟ್ಟೆ ಎಳೆದುಕೊಂಡು ಉಣ್ಣುತ್ತಿದ್ದ.

ಮೀಟಿಂಗ್ ದಿನ ಮಾವ ಸ್ಟೂಲಿನ ಮೇಲೆ, ಕಿವಿಯಲ್ಲಿ ಇಯರ್‌ಫೋನ್, ಲಿಫ್ಟಿನ ಬಾಗಿಲು ತೆರೆದೇ ಇತ್ತು. ಮನೆಯಲ್ಲಿ ಅತ್ತೆಯ ಫೋನಿನ ಮುಂದೆ ಅತ್ತೆ, ರೇಡಿಯೋ, ನಾನು. ಒಬ್ಬೊಬ್ಬರದೇ ಮುಗಿದು, "ಆಸ್ಪತ್ರೇಲಿರೋ ಸರ್, ಈಗ ನೀವು ಹೇಳಿ" ಎಂದರು ಮಿಸ್. ಅದೇ ಹೊತ್ತಿಗೆ ಸ್ಟ್ರೆಚರ್ ತಳ್ಳುವ ದಪ್ಪಣ್ಣ ಲಿಫ್ಟಿನ ಮುಂದೆ ಬಂದು "ಕೆಳಗೆ" ಅಂದನಂತೆ. ಮಾವ ಎದ್ದು ಅವನನ್ನು ಒಳಗೆ ಬಿಟ್ಟುಕೊಂಡ. ಒಂದು ಬಾಗಿಲು ಎಳೆದ, ಇನ್ನೊಂದು ಎಳೆದ. ಆಮೇಲೆ ಮಾತಾಡಲು ಶುರು ಮಾಡಿದ.

ಅದನ್ನು ಕೇಳಿಸಿಕೊಂಡವನು ದಪ್ಪಣ್ಣ ಒಬ್ಬನೇ. ನನಗೆ ಹೇಳಿದ್ದೂ ಅವನೇ.

"ಮಿಸ್, ಮುಖ ಮುಚ್ಚಿರ್ತಾರೆ, ನಂಗೆ ಯಾರ್ದೂ ಗೊತ್ತಾಗಲ್ಲ. ಒಂದಿನ ಬಟ್ಟೆ ಜರುಗಿ ಪುಟ್ಟ ಕಾಲು ಕಾಣಿಸ್ತು. ಬೆರಳಿಗೊಂದು ಬಣ್ಣ ನೇಲ್ ಪಾಲಿಶ್ ಹಚ್ಚಿತ್ತು. ನಮ್ಮವಳೂ ಹಂಗೇ ಹಚ್ಕೋತಾಳೆ. ಅವತ್ತು ನಂಗೆ ಅಳು ಬರ್ಲಿಲ್ಲ ಮಿಸ್. ಮನೆಗೆ ಹೋಗಿ ಊಟ ಮಾಡ್ದೆ, ಇನ್ನೊಂದ್ಸಲ ಹಾಕಿಸ್ಕೊಂಡೆ. ಅದಕ್ಕೇ ಬೇಡ ಅಂತಿರೋದು."

ಇತ್ತ ಮನೆಯಲ್ಲಿ ಮಿಸ್ "ಹಲೋ ಸರ್, ಕೇಳಿಸ್ತಿಲ್ಲ ಸರ್, ಹಲೋ" ಎನ್ನುತ್ತಲೇ ಇದ್ದರು. ಅತ್ತೆ ಹಣೆ ಚಚ್ಚಿಕೊಂಡಳು. ಆಗ ರೇಡಿಯೋ ಕೈ ಚಾಚಿ ಮೈಕ್ ಒತ್ತಿದಳು.

"ಮಿಸ್, ನಾನು ಬರ್ತೀನಿ."

ಎಷ್ಟೋ ತಿಂಗಳ ಮೇಲೆ ಆಚೆ ಬಂದ ದನಿ, ಸ್ವಲ್ಪ ಗೊಗ್ಗರಾಗಿತ್ತು. ಅತ್ತೆ ಹಣೆಯ ಮೇಲಿನ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತುಬಿಟ್ಟಳು. ಮಾವ ಮೇಲೆ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಮಿಸ್, "ಹಾಗಾದ್ರೆ ಸೋಮವಾರದಿಂದ ಶುರು" ಎನ್ನುತ್ತಿದ್ದುದು ಅವನ ಕಿವಿಗೆ ಬಿತ್ತಂತೆ.

ಸಂಜೆ ಪರದೆಯ ಈಚೆಯಿಂದ ಅತ್ತೆ ಕೇಳಿದಳು, "ಏನ್ ಹೇಳಿದ್ರಿ ಅಲ್ಲಿ?"

"ಬೇಡ ಅಂದೆ."

"ಯಾಕೆ ಅಂತ?"

"ಅದೂ ಹೇಳ್ದೆ."

"ಈಗ ನಂಗೆ ಹೇಳಿ."

ಆಚೆಯಿಂದ ಖಾಲಿ ತಟ್ಟೆ ಈಚೆಗೆ ಬಂತು. ಅದರ ಹಿಂದೆಯೇ ಮಾವ ಕೇಳಿದ, "ಅವಳು ಬಾಯಿ ಬಿಟ್ಟು ಹೇಳಿದ್ಲಾ?"

"ಬಾಯಿ ಬಿಟ್ಟೇ ಹೇಳಿದ್ಲು ರೀ."

"ಸರಿ, ಕಳಿಸು."

ನನಗೆ ತಡೆಯಲಾಗಲಿಲ್ಲ, ಮರುದಿನ ಕೇಳಿಯೇಬಿಟ್ಟೆ. "ಅಲ್ಲ ಮಾವ, ಬಾಗಿಲು ಹಾಕಿದ್ರೆ ಸಿಗ್ನಲ್ ಇರಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು" ಅಂದ. ಶೂ ಹಾಕಿಕೊಂಡು ಡ್ಯೂಟಿಗೆ ಹೋದ.

ಸೋಮವಾರ ಸಂಜೆ ರೇಡಿಯೋ ಪರದೆಯ ಪಕ್ಕ ನೆಲದ ಮೇಲೆ ಕೂತು ಶುರು ಹಚ್ಚಿಕೊಂಡಳು. ಬೆಂಚಿಗೆ ಒಬ್ಬೊಬ್ಬರೇ, ಮಿಸ್ ದಪ್ಪ ಆಗಿದಾರೆ, ಪಕ್ಕದ ಬೆಂಚಿನವಳಿಗೆ ಹಲ್ಲು ಬಿದ್ದಿದೆ, ಆದರೆ ಮಾಸ್ಕ್ ಇರುವುದರಿಂದ ತೋರಿಸುವುದಿಲ್ಲವಂತೆ. ನಿಲ್ಲಿಸುವ ಮಾತೇ ಇಲ್ಲ. ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ನಾನು ಪರದೆ ಪಕ್ಕಕ್ಕೆ ಸರಿಸಿ ಇಣುಕಿದೆ. "ಖುಷಿ ಆಯ್ತಾ ಮಾವ?"

"ಆಗ್ಬೇಕಿತ್ತು ಕಣೇ" ಅಂದ. "ಯಾಕೋ ಏನೂ ಆಗ್ತಿಲ್ಲ."

"ಅಪ್ಪಾ, ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ. ಹೇಳು, ಆಮೇಲೆ?"

ಮಾವನ ಮುಂದಿನ ತಟ್ಟೆ ಮುಟ್ಟದೆ ಹಾಗೇ ಇತ್ತು. ಪರದೆಯ ಕೆಳಗೆ ರೇಡಿಯೋಳ ಕಾಲು ಚಾಚಿಕೊಂಡಿತ್ತು, ಮಾತಿಗೆ ತಕ್ಕ ಹಾಗೆ ಬೆರಳು ಕುಣಿಯುತ್ತಿದ್ದವು. ಮಾವ ಅದನ್ನೇ ನೋಡುತ್ತಾ ಕೂತಿದ್ದ.