ಅಜ್ಜಿ ಮಿಸ್ಸು ಮಾಡದ ಪಾಠ

ಹುಲ್ಲಹಳ್ಳಿ ದಾಟಿ ಸ್ವಲ್ಪ ಮುಂದೆ ಹೋದರೆ ನಾನು ಪಾಠ ಮಾಡುವ ಸರ್ಕಾರಿ ಶಾಲೆ. ಒಂದು ವರ್ಷ ಜೂನ್ ತಿಂಗಳಲ್ಲಿ ಅಲ್ಲಿಗೆ ಸ್ಕಾಟ್ಲೆಂಡಿನಿಂದ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿದವರು, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಂಬಳವಿಲ್ಲದೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆಂದು ಅಷ್ಟು ದೂರದಿಂದ ಬಂದಿದ್ದರು. ನಂಜನಗೂಡಿನಲ್ಲಿ ಕಪಿಲೆ ಹೊಳೆ ಕಾಣುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇರುತ್ತಿದ್ದರು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನರೆಗೂದಲು ನೋಡಿ ಮಕ್ಕಳು ಅವರನ್ನು ಅಜ್ಜಿ ಮಿಸ್ಸು ಎಂದು ಕರೆದರು. ಅದರ ಅರ್ಥ ನನ್ನಿಂದ ತಿಳಿದುಕೊಂಡ ಮೇಲೆ ಅವರು ತಮ್ಮ ಹೆಸರು ಹೇಳಿಕೊಳ್ಳುವುದನ್ನೇ ಬಿಟ್ಟರು.

ಏಳನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ತಾಯಿ ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದವಳು. ಬೇಸಿಗೆ ರಜೆಯಲ್ಲಿ ಕಾಮಾಲೆ ಏರಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಶಾಲೆ ಶುರುವಾದ ಮೇಲೆ ಹುಡುಗಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಅವ್ವ ಎಂಬ ಮಾತು ಯಾರ ಬಾಯಿಂದ ಬಂದರೂ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತುಬಿಡುವಳು. ನಾನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಅಜ್ಜಿ ಮಿಸ್ಸು, ಮನೆಯವರಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಒಬ್ಬೊಬ್ಬರಾಗಿ ಹೇಳಿ ಎಂದರು. ಫಾದರ್ ಈಸ್ ಪ್ಲೋಯಿಂಗ್, ಬ್ರದರ್ ಈಸ್ ಪ್ಲೇಯಿಂಗ್ ಎಂದು ಮಕ್ಕಳು ಹೇಳುತ್ತಾ ಬಂದರು. ಸರದಿ ಆ ಹುಡುಗಿಯ ಹತ್ತಿರ ಬಂತು. ಅವಳನ್ನು ಬಿಟ್ಟುಬಿಡಿ ಎಂದು ನಾನು ಬಾಗಿಲಿನಿಂದ ಸನ್ನೆ ಮಾಡುವಷ್ಟರಲ್ಲಿ ಅವಳೇ ಎದ್ದು ನಿಂತಳು.

"ಮೈ ಮದರ್ ಈಸ್ ಗೋಯಿಂಗ್ ಹಾಸ್ಪಿಟಲ್. ಮೈ ಫಾದರ್ ಈಸ್ ಕಮಿಂಗ್. ಮೈ ಮದರ್ ಈಸ್ ನಾಟ್ ಕಮಿಂಗ್."

ಅಜ್ಜಿ ಮಿಸ್ಸು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ತಪ್ಪು ತಿದ್ದಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ, "ಮೈ ಮದರ್ ಈಸ್ ಸ್ಟಿಚಿಂಗ್ ಮೈ ಬ್ಲೂ ಲಂಗ" ಎಂದು ಹೇಳಿ ಕೂತಳು.

ಅಂದಿನಿಂದ ಬಿಸಿಯೂಟದ ಹೊತ್ತಿನಲ್ಲಿ ಅವಳು ಅಜ್ಜಿ ಮಿಸ್ಸಿನ ಪಕ್ಕದಲ್ಲೇ ಕೂರತೊಡಗಿದಳು. ಬಂದಷ್ಟು ಇಂಗ್ಲಿಷಿನಲ್ಲಿ ತಾಯಿಯ ವಿಷಯವನ್ನೇ ಹೇಳುವಳು. ಅವ್ವ ಎನ್ನಲಾಗದವಳಿಗೆ ಮದರ್ ಎನ್ನಲು ಆಗುತ್ತಿತ್ತು. ಊರಿನ ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತಿದ್ದೆಲ್ಲ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅವಳ ಮುಂದೆ ಯಾರೂ ಅತ್ತಿರಲಿಲ್ಲ. ಭೂತಕಾಲ ಇನ್ನೂ ಕಲಿತಿರಲಿಲ್ಲವಾದ್ದರಿಂದ ಆ ಮಾತುಗಳಲ್ಲಿ ತಾಯಿ ಅಡುಗೆ ಮಾಡುತ್ತಿದ್ದಾಳೆ, ಬಸ್ಸು ಹತ್ತುತ್ತಿದ್ದಾಳೆ, ಬೈಯುತ್ತಿದ್ದಾಳೆ.

ಪುಸ್ತಕದಲ್ಲಿ ಮುಂದಿನ ಪಾಠ ಭೂತಕಾಲದ್ದು. ಬಸ್ಸಿನಲ್ಲಿ ಅಜ್ಜಿ ಮಿಸ್ಸು ನನ್ನ ಕಡೆ ತಿರುಗಿ, "ಇದೊಂದನ್ನು ನೀವು ಮಾಡಿ. ನನ್ನ ಕೈಲಾಗುವುದಿಲ್ಲ" ಎಂದರು.

ನನಗೂ ಕಷ್ಟವೇ. ಆದರೂ ಮಾಡಿದೆ. ಹಲಗೆಯ ಮೇಲೆ ಈಸ್ ಎಂದು ಬರೆದು, ಅದರ ಪಕ್ಕದಲ್ಲಿ ವಾಸ್ ಎಂದು ಬರೆದೆ. ಅಜ್ಜಿ ಮಿಸ್ಸು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹುಡುಗಿ ಹಲಗೆಯನ್ನೇ ನೋಡಿದಳು. ನಾನು ಕೇಳದಿದ್ದರೂ, "ಮೈ ಮದರ್ ವಾಸ್ ಟೈಲರ್" ಎಂದು ಮೆಲ್ಲಗೆ ಹೇಳಿದಳು. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಅಜ್ಜಿ ಮಿಸ್ಸಿನ ಮಡಿಲಿಗೆ ಮುಖ ಇಟ್ಟು, ಅವ್ವಾ ಅವ್ವಾ ಎಂದು ಅತ್ತಳು. ಅವರು ಅವಳ ಬೆನ್ನು ಸವರುತ್ತಾ ಕೂತಿದ್ದರು. ನಾನು ಅಲ್ಲಿರಲಾರದೆ ಅಂಗಳಕ್ಕೆ ಬಂದೆ.

ದಸರಾ ರಜೆ ಮುಗಿದ ಮೇಲೆ ಅವಳ ತಂದೆ ಶಾಲೆಗೆ ಬಂದ. ವರ್ಗಾವಣೆ ಪತ್ರ ಬೇಕು ಎಂದ.

"ನಾನು ಕೂಲಿಗೆ ಓದ್ರೆ ಎಣ್ಮಗ ಒಂದೇ ಮನೇಲಿರ್ಬೇಕು ಮೇಡಮ್ಮು. ನರಸೀಪುರದಲ್ಲಿ ಅದರ ಚಿಕ್ಕವ್ವ ಅವ್ಳೆ. ಅಲ್ಲೇ ಇಸ್ಕೂಲಿಗೆ ಸೇರುಸ್ಬುಡ್ತೀನಿ."

ಪತ್ರ ಸಿದ್ಧಮಾಡಿಸಿ ಕೊಟ್ಟೆ. ಅಜ್ಜಿ ಮಿಸ್ಸು ತಮ್ಮ ಬಣ್ಣದ ಪೆನ್ಸಿಲುಗಳನ್ನು ಅವಳಿಗೆ ಕೊಟ್ಟರು. ಹುಡುಗಿ ತಂದೆಯ ಹಿಂದೆ ತಲೆ ತಗ್ಗಿಸಿಕೊಂಡು ಹೋದಳು.

ಅಜ್ಜಿ ಮಿಸ್ಸು ತಮ್ಮ ದೇಶಕ್ಕೆ ಹೊರಡುವ ಮುಂಚೆ ಅವಳನ್ನು ಒಂದು ಸಲ ನೋಡಬೇಕೆಂದರು. ಒಂದು ಭಾನುವಾರ ತಿ. ನರಸೀಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಂಡು, ಇದು ಅವಳಿಗೆ ಅರ್ಥವಾಗುತ್ತದೆ ಅಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು. ಚಿಕ್ಕವ್ವ ಚಾಪೆ ಹಾಸಿ ಟೀ ಕೊಟ್ಟಳು. ಹುಡುಗಿ ಮೈ ತುಂಬಿಕೊಂಡಿದ್ದಳು, ಎರಡು ಜಡೆ ಹಾಕಿದ್ದಳು. ಅಜ್ಜಿ ಮಿಸ್ಸು ಕೇಳಿದ್ದಕ್ಕೆಲ್ಲ ನನ್ನ ಮುಖ ನೋಡಿಕೊಂಡು ಕನ್ನಡದಲ್ಲೇ ಉತ್ತರ ಕೊಟ್ಟಳು.

"ಇಂಗ್ಲಿಷಲ್ಲಿ ಹೇಳವ್ವಾ" ಎಂದೆ.

"ಮರ್ತೋಯ್ತು ಮಿಸ್ಸು" ಎಂದಳು.

ಚಿಕ್ಕವ್ವ ಅವಳ ತಲೆ ನೇವರಿಸಿದಳು. "ಮೊದ್ಲು ಮೊದ್ಲು ಮಾತೇ ಆಡ್ತಿರ್ಲಿಲ್ಲ ಮೇಡಮ್ಮು. ಈಗ ನಾನು ಒಲೆ ಮುಂದೆ ಕುಂತ್ರೆ ಬಂದು ಕೂತ್ಕೊಂಡು ನಮ್ಮಕ್ಕನ ಸುದ್ದೀನೇ ಮಾತಾಡ್ತದೆ. ಇಬ್ರೂ ಅಳ್ತೀವಿ."

ಇದನ್ನು ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಅಜ್ಜಿ ಮಿಸ್ಸು ತಲೆಯಾಡಿಸಿದರು. "ಒಳ್ಳೆಯದಾಯಿತು. ಇನ್ನು ಅವಳಿಗೆ ನನ್ನ ಭಾಷೆ ಬೇಕಿಲ್ಲ" ಎಂದರು. ಬಸ್ಸಿನಲ್ಲಿ ನಂಜನಗೂಡು ಬರುವವರೆಗೂ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಇದ್ದರು. ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಅವರು ಹೋಗಿ ಕೆಲವು ವರ್ಷಗಳಾದವು. ಚಿಕ್ಕವ್ವನ ಸಂಸಾರ ಕೆಲಸ ಹುಡುಕಿಕೊಂಡು ತಿರುಪ್ಪೂರಿಗೆ ಹೋಯಿತೆಂದು ಹುಡುಗಿಯ ತಂದೆ ಹೇಳಿದ. ಆಮೇಲೆ ಅವನೂ ಊರು ಬಿಟ್ಟ. ನನ್ನ ಹತ್ತಿರವಿದ್ದ ಫೋನ್ ನಂಬರಿಗೆ ಈಗ ಕರೆ ಹೋಗುವುದಿಲ್ಲ. ಹುಡುಗಿ ತಮಿಳು ಕಲಿತಿರಬಹುದು. ಶಾಲೆಗೆ ಹೋಗುತ್ತಿದ್ದಾಳೋ, ಹೊಲಿಗೆಗೆ ಹೋಗುತ್ತಿದ್ದಾಳೋ, ಹೇಳುವವರು ಯಾರೂ ಇಲ್ಲ.

ಅಜ್ಜಿ ಮಿಸ್ಸು ಆಗಾಗ ಫೋನ್ ಮಾಡುತ್ತಾರೆ. ಅವಳ ವಿಷಯ ಏನಾದರೂ ತಿಳಿಯಿತೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಆಮೇಲೆ ಅವರು, ಕಪಿಲೆಯಲ್ಲಿ ನೀರು ಬಂದಿದೆಯೇ ಎಂದು ಕೇಳುತ್ತಾರೆ.