ಮಾಮನ ಪಿ.ಎಫ್. ಮತ್ತು ಒಂದು ಕುಡಿ ದವನ

ಇವತ್ತು ಸಂಜೆ ತಾಂಬರಂ ಸ್ಟೇಷನ್ನಿನ ಹೊರಗೆ ಹೂವಿನವಳ ಬುಟ್ಟಿಯಿಂದ ದವನದ ವಾಸನೆ ಬಂತು. ಇಲ್ಲಿಯವರು ತಮಿಳಿನಲ್ಲಿ ಮರಿಕ್ಕೊಳುಂದು ಅನ್ನುತ್ತಾರೆ. ಆ ವಾಸನೆ ಬಂದರೆ ಸಾಕು, ನನಗೆ ಪಕ್ಕದ ಮನೆಯ ಮಾಮ ನೆನಪಾಗುತ್ತಾರೆ, ಜೊತೆಗೆ ಸಿಟ್ಟೂ ಬರುತ್ತದೆ. ಹೋದವರ ಮೇಲೆ ಸಿಟ್ಟು ಮಾಡಬಾರದಂತೆ... ಮಾಡದೆ ಇರುವುದು ಹೇಗೆ?

ಮಾಮ ಒಂದು ಖಾಸಗಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಲಾಕ್‌ಡೌನಿನಲ್ಲಿ ಸಂಬಳ ಅರ್ಧವಾಯಿತು. ಅದೇ ಹೊತ್ತಿಗೆ ಮಾಮಿಯ ಎಡಗಣ್ಣಿನ ಒತ್ತಡ ಏರಿ, ಬೇಗ ಆಪರೇಷನ್ ಆಗದಿದ್ದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರು. ಕೈಯಲ್ಲಿದ್ದದ್ದು ಪಿ.ಎಫ್. ಒಂದೇ. ಅರ್ಜಿ ಹಾಕಿದರೆ ಬರುತ್ತಿತ್ತು. ಹಾಕಿಕೊಡಲು ನಾನು ಫೋನು ಹಿಡಿದು ಕೂತಿದ್ದೆ.

ಆದರೆ ಮಾಮ ರಾಯರನ್ನು ಕೇಳದೆ ಹೆಜ್ಜೆ ಇಡುವವರಲ್ಲ. ರಾಯರ ಪಟದ ಮೇಲೆ ದವನದ ಕುಡಿ ಸಿಕ್ಕಿಸಿ, ಕೈಮುಗಿದು, ಎವೆಯಿಕ್ಕದೆ ನೋಡುತ್ತ ಕೂರುತ್ತಿದ್ದರು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಸರಿ, ಕೇಳಲಿ. ಎಡಕ್ಕೆ ಬಿದ್ದರೆ, "ನೋಡಿದ್ಯೇನೋ, ರಾಯರೇ ಬೇಡ ಅಂದ್ಬಿಟ್ರು" ಎನ್ನುವರು. ಬಲಕ್ಕೆ ಬಿದ್ದರೆ, "ಇದು ಫ್ಯಾನ್ ಗಾಳಿ ಕಣೋ, ಲೆಕ್ಕಕ್ಕಿಲ್ಲ. ನಾಳೆ ಕೇಳೋಣ!"

ರಾಮ ರಾಮ! ತಲೆ ಚಿಟ್ಟು ಹಿಡಿದು ಒಂದು ದಿನ ಕೂಗಾಡಿಯೇಬಿಟ್ಟೆ. "ಮಾಮ, ರಾಯರಿಗೂ ಬೇರೆ ಕೆಲಸ ಇರುತ್ತೆ!"

ಅವರು ಮೆತ್ತಗೆ ಹೇಳಿದರು. "ನಂಗೆ ಪೆನ್ಷನ್ ಇಲ್ಲಪ್ಪಾ. ಇದೂ ಕರಗಿದ್ರೆ, ನಾನು ಹೋದ್ಮೇಲೆ ಇವಳ ಕೈಲಿ ಏನಿರುತ್ತೆ?"

ಒಳಗಿನಿಂದ ಮಾಮಿ, "ವೇಂಡಾಂ, ಬೇಡ ಅಂದ್ರೆ ಬಿಡೋ, ನಂಗೆ ಒಂದು ಕಣ್ಣು ಸಾಕು" ಎಂದರು. ಗಂಡನಿಗೆ ತಕ್ಕ ಹೆಂಡತಿ!

ಕೇಳುತ್ತ ಕೇಳುತ್ತಲೇ ಎಡಗಣ್ಣು ಹೋಯಿತು. ಆಮೇಲೆ ಮಾಮನೂ ಹೋದರು. ಊಟ ಮುಗಿಸಿ ಕೈ ತೊಳೆಯಲು ಎದ್ದವರು... ಪಿ.ಎಫ್. ಪೂರ್ತಿ ಮಾಮಿಯ ಹೆಸರಿಗೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಈಗ ಬಲಗಣ್ಣಿನ ಸರದಿ. ಡಾಕ್ಟರದು ಅದೇ ಮಾತು, ಮಾಮಿಯದು ಅದೇ ರಾಗ. "ಕಾಲ ಸರಿಯಿಲ್ಲ, ಎಲ್ಲ ಕಡೆ ಕೆಲಸ ಹೋಗ್ತಿದೆಯಂತೆ. ಮಾಮ ಮುಟ್ಟದೆ ಇಟ್ಟ ದುಡ್ಡು ಕಣೋ..."

ಸ್ಟೇಷನ್ನಿನ ಹತ್ತಿರ ಕೊಂಡು ತಂದ ದವನವನ್ನು ಅವರ ಕೈಗೆ ಕೊಟ್ಟೆ. ಮೂಸಿ ನೋಡಿದರು. "ರಾಯರನ್ನೇ ಕೇಳೋಣ. ನೀನೇ ಇಡು" ಎಂದರು.

ಮೊದಲು ಫ್ಯಾನ್ ನಿಲ್ಲಿಸಿದೆ. ಒಂದು ಕುಡಿ ಮುರಿದು ಪಟದ ಮೇಲೆ ಸಿಕ್ಕಿಸಿದೆ. ಮಾಮಿ ಪಟವೆಂದುಕೊಂಡು ಪಕ್ಕದ ಕ್ಯಾಲೆಂಡರಿಗೆ ಕೈಮುಗಿದು ಕೂತಿದ್ದರು.

"ಯಾವ ಕಡೆ ಬಿತ್ತೋ?"

ಕುಡಿ ಇನ್ನೂ ಪಟದ ಮೇಲೇ ಇತ್ತು.

"ಬಲಕ್ಕೆ, ಮಾಮಿ" ಎಂದೆ.

ಮಾಮನಿಗೆ ಹೀಗೆ ಸುಳ್ಳು ಹೇಳುವಂತಿರಲಿಲ್ಲ... ಅವರ ಎರಡು ಕಣ್ಣೂ ಚೆನ್ನಾಗಿದ್ದವು.