ಹಸಿರು ಟಿಕ್ ಬಿದ್ದರೆ ಕಲಿತಂತಲ್ಲ

ಹಾರೋಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಸದಾಗಿ ಸೇರುವ ಹೆಂಗಸರಿಗೆ ಮಿಷನ್ ಕಲಿಸುವುದು ನನ್ನ ಕೆಲಸವಾಗಿತ್ತು. ನಾನೂ ಕನಕಪುರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು, ಸೂಪರ್‌ವೈಸರ್ ಕೈಲಿ ಬೈಸಿಕೊಂಡು ಕಲಿತವಳು. ಬೈಯದೆ ಕಲಿಸಬೇಕು ಅನ್ನುವ ಹಟ ನನಗೆ ಅಲ್ಲಿಂದಲೇ ಬಂದದ್ದು.

ಹೋದ ವರ್ಷ ಬೆಂಗಳೂರಿನ ಆಫೀಸಿನವರು ತರಬೇತಿಯ ರೀತಿಯನ್ನೇ ಬದಲಾಯಿಸಿದರು. ಪಾಠಗಳೆಲ್ಲ ಮೊಬೈಲಿಗೆ ಬಂದವು. ಚಿಕ್ಕಚಿಕ್ಕ ವಿಡಿಯೊ, ಕೊನೆಯಲ್ಲಿ ಪ್ರಶ್ನೆಗಳು. ಸರಿಯುತ್ತರ ಒತ್ತಿದರೆ ಹಸಿರು ಟಿಕ್. ಟಿಕ್ ಬಿದ್ದವರೆಲ್ಲ ನೇರವಾಗಿ ಸಾಲಾಗಿ ಕೂತು ಹೊಲಿಯುವ ಲೈನಿಗೆ. ಪಾಠ ರೂಪಿಸಿದ ಯುವಕ ತಾನೇ ಬಂದು ನಮಗೆ ವಿವರಿಸಿದ. ಕಲಿಯುವವರು ಯಾರೆಂದು ಮೊದಲು ತಿಳಿಯಬೇಕು, ಆಮೇಲೆ ಪಾಠ ಯೋಜಿಸಬೇಕು, ತಯಾರಿಸಬೇಕು, ಕಲಿಸಬೇಕು, ಕೊನೆಗೆ ಕಲಿತರೋ ಇಲ್ಲವೋ ನೋಡಬೇಕು ಎಂದು ಪರದೆಯ ಮೇಲೆ ತೋರಿಸಿದ. ನನಗದು ನಿಜಕ್ಕೂ ಹಿಡಿಸಿತ್ತು.

ಆ ಬ್ಯಾಚಿನಲ್ಲಿ ಕೈಲಾಂಚ ಕಡೆಯ ಒಬ್ಬಾಕೆಯಿದ್ದಳು. ಮನೆಯಲ್ಲಿ ರೇಷ್ಮೆಹುಳು ಸಾಕಿದವಳು, ಚುರುಕು ಹೆಂಗಸು. 'ದಾರ ತುಂಡಾದರೆ ಮೊದಲು ಏನು ಮಾಡಬೇಕು?' ಎಂಬ ಪ್ರಶ್ನೆಗೆ 'ಮಿಷನ್ ಆಫ್ ಮಾಡಬೇಕು' ಎಂದು ಸರಿಯಾಗಿಯೇ ಒತ್ತಿದ್ದಳು. ಲೈನಿಗೆ ಕಳಿಸುವ ಮೊದಲು ನೋಡೋಣವೆಂದು ನಾನು ಅವಳನ್ನು ಮಿಷನ್ ಮುಂದೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ದಾರ ತುಂಡಾಯಿತು. ಅವಳು ಪೆಡಲ್ ಮೇಲಿನ ಕಾಲು ತೆಗೆಯದೆ ಬೆರಳನ್ನು ಸೂಜಿಯ ಕೆಳಗೆ ಹಾಕಿಬಿಟ್ಟಳು. ನಾನು ಸ್ವಿಚ್ ಬಡಿದೆ. ಸೂಜಿ ಅವಳ ಉಗುರನ್ನು ಗೀರಿ ನಿಂತಿತು.

"ಉತ್ರ ಗೊತ್ತಿತ್ತಲ್ಲವ್ವಾ?" ಅಂದೆ.

"ಗೊತ್ತಿತ್ತು ಕಣಕ್ಕಾ. ಗಾಬ್ರಿಗೆ ಕೈ ಹೋಗ್ಬುಡ್ತು," ಅಂದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡಳು.

ಒಬ್ಬರನ್ನೂ ಲೈನಿಗೆ ಕಳಿಸುವುದಿಲ್ಲವೆಂದು ಮ್ಯಾನೇಜರಿಗೆ ಹೇಳಿಬಿಟ್ಟೆ. ಮಧ್ಯಾಹ್ನ ಮ್ಯಾನೇಜರ್ ಆ ಯುವಕನನ್ನೂ ಕರೆದುಕೊಂಡು ತರಬೇತಿ ಕೋಣೆಗೇ ಬಂದರು.

"ಎಲ್ಲರಿಗೂ ಟಿಕ್ ಬಿದ್ದಿದೆ. ಲೈನಲ್ಲಿ ಜನ ಇಲ್ಲ, ಕಳ್ಸಿ," ಅಂದರು ಮ್ಯಾನೇಜರ್.

"ಕಳ್ಸಕಿಲ್ಲ ಸಾರ್. ಇವ್ರು ಒತ್ತಿರೋದು ಮೊಬೈಲ್ನ. ಪಾಠದಲ್ಲಿ ಮಿಷನ್ ಮುಟ್ಟೇ ಇಲ್ಲ."

"ಈ ಪಾಠ ತಯಾರಿಸಿದವರಿಗೆ ನಿಮಗಿಂತ ಚೆನ್ನಾಗಿ ಗೊತ್ತು."

ನಾನು ಯುವಕನ ಕಡೆ ತಿರುಗಿದೆ. "ಕಲಿಯೋರು ಯಾರು ಅಂತ ಮೊದ್ಲು ನೋಡ್ಬೇಕು ಅಂತ ನೀವೇ ಹೇಳಿದ್ರಿ. ಇವ್ರನ್ನ ಯಾವಾಗ ನೋಡಿದ್ರಿ ಸಾರ್?"

ಅವನು ಸುಳ್ಳು ಹೇಳಲಿಲ್ಲ. "ನೋಡಿಲ್ಲ ಮೇಡಂ. ಅದಕ್ಕೆ ಟೈಮೇ ಕೊಡಲಿಲ್ಲ," ಅಂದ.

ಮ್ಯಾನೇಜರ್ ಮುಖ ಕೆಂಪಾಯಿತು. ಹೊರಗೆ ಬನ್ನಿ ಎಂದು ನನಗೆ ಕೈಸನ್ನೆ ಮಾಡಿದರು. ಅಷ್ಟರಲ್ಲಿ ಕೈಲಾಂಚದಾಕೆ ಎದ್ದು ನಿಂತಳು. "ಅಕ್ಕ ಹೂಂ ಅನ್ನೋಗಂಟ ನಾವು ಲೈನ್‌ಗೆ ಹೋಗಕಿಲ್ಲ ಸಾರ್," ಅಂದಳು. ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಅವಳು ಮುಚ್ಚಿಟ್ಟುಕೊಳ್ಳಲಿಲ್ಲ. ಉಳಿದವರೂ ಲೈನಿಗೆ ಹೊರಡದೆ ಬೆಂಚಿನಲ್ಲೇ ಕೂತರು.

ಕೊನೆಗೆ ಮ್ಯಾನೇಜರ್ ಒಂದು ವಾರ ಕೊಟ್ಟರು. ನಾನು ಪಾಠವನ್ನು ತಲೆಕೆಳಗು ಮಾಡಿದೆ. ಮೊದಲು ಮಿಷನ್, ಆಮೇಲೆ ವಿಡಿಯೊ. ಬೇಕೆಂತಲೇ ದಾರ ತುಂಡು ಮಾಡುತ್ತಿದ್ದೆ, ಕೆಳಗಿನ ದಾರದ ಬಾಬಿನ್ ಸಿಕ್ಕುಹಾಕುತ್ತಿದ್ದೆ. ಕಾಲು ತಾನಾಗಿಯೇ ಪೆಡಲ್ ಬಿಡುವವರೆಗೆ ಮತ್ತೆಮತ್ತೆ ಮಾಡಿಸಿದೆ. ಆಮೇಲೆ ವಿಡಿಯೊ ಹಾಕಿದರೆ, "ಅಯ್ಯೋ, ಇದೇ ಅಲ್ವಾ ನಾವ್ ಮಾಡಿದ್ದು" ಎಂದು ನಗುತ್ತ ನೋಡುತ್ತಿದ್ದರು. ಆ ಯುವಕ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತ ವಾರವಿಡೀ ಕೂತಿದ್ದ. ಅವನು ಬರೆದು ಕಳಿಸಿದ್ದನ್ನು ಬೆಂಗಳೂರಿನಲ್ಲಿ ಯಾರು ಓದಿದರೋ ನನಗೆ ತಿಳಿಯದು.

ಆ ಬ್ಯಾಚು ಲೈನಿಗೆ ಹೋದ ಮೇಲೆ ನನ್ನನ್ನು ತರಬೇತಿಯಿಂದ ತೆಗೆದು ಕಾಲರ್ ಹೊಲಿಯಲು ಹಾಕಿದರು. ಮುಂದಿನ ಬ್ಯಾಚಿಗೆ ಮತ್ತೆ ಮೊಬೈಲು, ಮತ್ತೆ ಟಿಕ್ಕು. ನನಗೆ ಬೇಸರಕ್ಕಿಂತ ಸಿಟ್ಟು ಹೆಚ್ಚಾಯಿತು. ಹೊಸಬರು ಯಾರೇ ಲೈನಿಗೆ ಬಂದರೂ ಊಟದ ಬಿಡುವಿನಲ್ಲಿ ನನ್ನ ಮಿಷನ್ ಹತ್ತಿರ ಕರೆಯತೊಡಗಿದೆ. ಕೈಲಾಂಚದಾಕೆಯೂ ಜೊತೆಗೆ ನಿಲ್ಲುತ್ತಾಳೆ. ಈಗ ದಾರ ತುಂಡು ಮಾಡುವವಳು ಅವಳೇ.

ಮೊನ್ನೆ ಮ್ಯಾನೇಜರ್ ಕಂಡುಬಿಟ್ಟರು.

"ಇದು ನಿಮ್ಮ ಕೆಲಸಾನಾ?"

"ಹೂಂ ಸಾರ್, ಇದೇ ನನ್ ಕೆಲ್ಸ," ಅಂದೆ.

ಅವರು ಗಡಿಯಾರ ನೋಡಿಕೊಂಡು ಹೊರಟುಹೋದರು. ಬಿಡುವು ಮುಗಿದ ಗಂಟೆ ಹೊಡೆಯುವವರೆಗೂ ನಾವು ಕಲಿಸುವುದನ್ನು ನಿಲ್ಲಿಸಲಿಲ್ಲ.